ಊಟದ ಡೈರಿಯಿಂದ ಖನಿಜಗಳ ಲೆಕ್ಕ ಸಿಗುತ್ತಾ?

ಯಲಹಂಕದಿಂದ ಕೇಳಿದ್ದೀರಿ: ವಾರವಿಡೀ ತಿಂದದ್ದನ್ನು ಬರೆದಿಟ್ಟರೆ ಕ್ಯಾಲ್ಸಿಯಂ, ಸೆಲೆನಿಯಂ ಎಷ್ಟು ಸಿಗುತ್ತಿದೆ ಅಂತ ಗೊತ್ತಾಗುತ್ತಾ, ದೇಶದ ಲೆಕ್ಕವೂ ಹೀಗೇನಾ ಅಂತ.

ಕ್ಯಾಲ್ಸಿಯಂ ಸುಮಾರಾಗಿ ಗೊತ್ತಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ! ಆದರೆ ಸುಮ್ನೆ ‘ಒಂದು ಮುದ್ದೆ’ ಅಂತ ಬರೆಯಬೇಡಿ. ನಮ್ಮನೆಯಲ್ಲಿ ತೂಗಿ ನೋಡಿದೆ: ನನ್ನ ಮುದ್ದೆಗೆ 90 ಗ್ರಾಂ ಹಿಟ್ಟು, ಅಮ್ಮನದಕ್ಕೆ 55. ಎರಡೂ ‘ಒಂದು ಮುದ್ದೆ’ಯೇ ಅಲ್ವಾ? ಹಿಟ್ಟನ್ನೇ ತೂಗಿ.

ಸೆಲೆನಿಯಂ ಲೆಕ್ಕ ಕೈಬಿಡಿ. ಧಾನ್ಯದಲ್ಲಿ ಅದೆಷ್ಟಿದೆ ಅನ್ನೋದು ಬೆಳೆ ಬೆಳೆದ ಮಣ್ಣಿನ ಮೇಲೆ ನಿಂತಿದೆ, ಕೋಷ್ಟಕದ ಸರಾಸರಿ ನಿಮ್ಮ ತಟ್ಟೆಗೆ ಹೊಂದಲಿಕ್ಕಿಲ್ಲ. ಇನ್ನು ದೇಶದ ಲೆಕ್ಕ. ಅಮೆರಿಕದಲ್ಲಿ 1961ರಿಂದ ಒಂದು ಪದ್ಧತಿ ಇದೆ. ಅಂಗಡಿಯಿಂದ ಸಾಮಾನು ಕೊಂಡು, ಮನೆಯಲ್ಲಿ ಮಾಡುವ ಹಾಗೇ ಬೇಯಿಸಿ, ಆಮೇಲೆ ಲ್ಯಾಬ್‌ನಲ್ಲಿ ಅಳೆಯುತ್ತಾರೆ. ನಮ್ಮಲ್ಲಿ 1972ರಲ್ಲಿ ಶುರುವಾದ ಪೋಷಣಾ ನಿಗಾ ಬ್ಯೂರೋದವರು ಮನೆಮನೆಗೆ ಹೋಗಿ, ಹಿಂದಿನ 24 ಗಂಟೆಯ ಊಟ ಕೇಳಿ ಲೆಕ್ಕ ಹಾಕುತ್ತಿದ್ದರು.

ಬೋರ್‌ವೆಲ್ ನೀರು ಕುಡಿಯುತ್ತೀರಾ? ಕೆಟಲ್ ತಳದ ಬಿಳಿ ಪೊರೆ ಬಹುಪಾಲು ಕ್ಯಾಲ್ಸಿಯಂ ಲವಣವೇ. ಅದು ಡೈರಿಯಲ್ಲಿ ಬರುವುದೇ ಇಲ್ಲ.