ಯುದ್ಧದ ಹಣ ನೇರವಾಗಿ ಯಾಕೆ ನಿಲ್ಲಿಸಲಿಲ್ಲ? ಜಾನ್ ಮರ್ಥಾ ಬಗ್ಗೆ ನಿಮ್ಮ ಪ್ರಶ್ನೆಗಳು

ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಸಂಸದರಾಗಿದ್ದ ಡೆಮಾಕ್ರಟ್ ಜಾನ್ ಮರ್ಥಾ ಬಗ್ಗೆ ಅದೇ ನಾಲ್ಕೈದು ಪ್ರಶ್ನೆಗಳು ನನಗೆ ಬರುತ್ತವೆ. ಅದರಲ್ಲಿ ಒಂದೇ ಒಂದು ನಿಜಕ್ಕೂ ಕಷ್ಟದ್ದು. ಜಾಗ ಅದಕ್ಕೇ ಕೊಡುತ್ತೇನೆ. ಸೆನೆಟ್ ಎಂದರೇನು, ವೀಟೊ ಎಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: 2005ರಲ್ಲಿ ಸೇನೆ ವಾಪಸ್ ಕರೆಸಿ ಎಂದ ಮರ್ಥಾ, ಮರುದಿನವೇ ವಾಪಸಾತಿ ನಿರ್ಣಯದ ವಿರುದ್ಧ ಮತ ಹಾಕಿದರಂತೆ. ಹೆದರಿದರಾ?

ಇಲ್ಲ. ಅದು ಅವರ ನಿರ್ಣಯವೇ ಅಲ್ಲ. ನವೆಂಬರ್ 17ರಂದು ಅವರು ಕೇಳಿದ್ದು, ಸಾಧ್ಯವಾದಷ್ಟು ಬೇಗ ಸೇನೆ ಹೊರಗೆ ಬರಲಿ, ತುರ್ತಿಗೆ ಒಂದು ಪಡೆ ಆ ಭಾಗದಲ್ಲೇ ಇರಲಿ ಎಂದು. ರಿಪಬ್ಲಿಕನ್ನರು ಅದನ್ನು ಪಕ್ಕಕ್ಕಿಟ್ಟು ‘ತಕ್ಷಣವೇ ಕೊನೆಗೊಳಿಸಿ’ ಎನ್ನುವ ಬೇರೆ ನಿರ್ಣಯ ತಂದರು, ಸೋಲಿಸಬೇಕು ಅಂತಲೇ. 403–3ರಲ್ಲಿ ಬಿದ್ದದ್ದು ಅದು. ದಯವಿಟ್ಟು ಆ ಅಂಕಿ ಇರುವ ಫಾರ್ವರ್ಡ್ ನನಗೆ ಇನ್ನೊಮ್ಮೆ ಕಳಿಸಬೇಡಿ.

ಪ್ರಶ್ನೆ: 2007ರಲ್ಲಿ ಡೆಮಾಕ್ರಟರಿಗೆ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಎರಡೂ ಮನೆಗಳಲ್ಲಿ ಬಹುಮತ ಇತ್ತು. ಮರ್ಥಾ ರಕ್ಷಣಾ ಹಣಕಾಸು ಉಪಸಮಿತಿಯ ಅಧ್ಯಕ್ಷರು. ಹಣ ನಿಲ್ಲಿಸುವುದು ಬಿಟ್ಟು ಸೈನಿಕರ ತರಬೇತಿ, ವಿಶ್ರಾಂತಿ ಅಂತ ಷರತ್ತು ಹಾಕಿಕೊಂಡು ಕೂತದ್ದು ಯಾಕೆ? ಹಿಂಬಾಗಿಲ ದಾರಿ ಅಲ್ವಾ?

ಮೊದಲು ತಲೆ ಎಣಿಸಿ. ಎಲ್ಲರೂ ಮತ ಹಾಕಿದರೆ ಕೆಳಮನೆಯಲ್ಲಿ ಮಸೂದೆ ಪಾಸಾಗಲು 218 ಮತ ಬೇಕು. ವೀಟೊ ಮುರಿಯಲು ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ಬೇಕು. ಕೆಳಮನೆಯಲ್ಲಿ ಡೆಮಾಕ್ರಟರ ಬಳಿ ಇದ್ದದ್ದು ಸುಮಾರು 230. ಅವರಲ್ಲೂ ಎಷ್ಟೋ ಮಂದಿ ರಿಪಬ್ಲಿಕನ್ ಅಧ್ಯಕ್ಷ ಬುಷ್ ಗೆದ್ದ ಕ್ಷೇತ್ರಗಳಿಂದ ಬಂದವರು, ‘ರಣರಂಗದಲ್ಲಿರುವ ಹುಡುಗರ ಹಣ ಕಿತ್ತುಕೊಂಡ’ ಎಂಬ ಟಿವಿ ಜಾಹೀರಾತು ನೆನೆದರೇ ನಿದ್ದೆ ಬಾರದವರು. ಹಾಗಿರುವಾಗ ಯುದ್ಧವನ್ನು ಯಾರು ವಿರೋಧಿಸುತ್ತಾರೆ ಎಂದು ಕೇಳಿ ಪ್ರಯೋಜನ ಇಲ್ಲ. ಯುದ್ಧ ವಿರೋಧಿಸದವನೂ ಯಾವುದಕ್ಕೆ ಕೈ ಎತ್ತುತ್ತಾನೆ ಎಂದು ಕೇಳಬೇಕು. ಮರ್ಥಾ ಕೇಳಿದ್ದು ಇದನ್ನೇ.

ಅವರ ಷರತ್ತುಗಳು ಇವು: ಪೂರ್ತಿ ತರಬೇತಿ, ಪೂರ್ತಿ ಸಲಕರಣೆ ಇಲ್ಲದ ತುಕಡಿಯನ್ನು ಇರಾಕಿಗೆ ಕಳಿಸಬಾರದು. ಹೋಗಿಬಂದವರಿಗೆ ಒಂದು ವರ್ಷವಾದರೂ ಮನೆ ಸಿಗಬೇಕು. ಅಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಡಬಾರದು. ಇದರಲ್ಲಿ ಹೊಸದೇನೂ ಇರಲಿಲ್ಲ, ಸೇನೆ ತನಗೆ ತಾನೇ ಹಾಕಿಕೊಂಡ ಅಳತೆಗಳೇ ಹೆಚ್ಚು. ಆದರೆ ಆ ಜನವರಿಯಲ್ಲಷ್ಟೇ ಬುಷ್ ಇನ್ನೂ 20,000ಕ್ಕಿಂತ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಘೋಷಿಸಿದ್ದರು. ಅಷ್ಟು ತುಕಡಿ ಹೊಂದಿಸಲು ಏಪ್ರಿಲ್‌ನಲ್ಲಿ ಭೂಸೇನೆಯವರು ಯುದ್ಧಭೂಮಿಯಲ್ಲಿರುವ ಸರದಿಯನ್ನು 15 ತಿಂಗಳಿಗೆ ಎಳೆಯಬೇಕಾಯಿತು. ಅಂದರೆ ಸೇನೆಯ ನಿಯಮವನ್ನೇ ಕಾನೂನು ಮಾಡಿದ್ದರೆ, ಆ ಹೆಚ್ಚುವರಿ ಪಡೆಯನ್ನು ಅಲ್ಲಿ ಬಹಳ ದಿನ ಇಡಲು ಆಗುತ್ತಲೇ ಇರಲಿಲ್ಲ.

ಈ ಮಾತನ್ನು ಮರ್ಥಾ ಆಡಿದ್ದಕ್ಕೇ ತೂಕ ಬಂತು. ವಿಯೆಟ್ನಾಂನಲ್ಲಿ ಗಾಯಗೊಂಡ ಮರೀನ್ ಯೋಧ, 1974ರಿಂದ ಸಂಸದ, 2002ರಲ್ಲಿ ಇದೇ ಯುದ್ಧಕ್ಕೆ ‘ಹೌದು’ ಎಂದವರು, ಆಮೇಲೆ ಕೈಕಾಲು ಕಳೆದುಕೊಂಡ ಹುಡುಗರನ್ನು ನೋಡಲು ಆಸ್ಪತ್ರೆಗೆ ಹೋಗುತ್ತಲೇ ಇದ್ದವರು.

ಹಿಂಬಾಗಿಲು ಎನ್ನುವುದಂತೂ ಸುಳ್ಳು. ಫೆಬ್ರವರಿಯಲ್ಲೇ ಅವರು ಯೋಜನೆಯನ್ನು ಬಿಡಿಸಿ ಹೇಳಿಬಿಟ್ಟರು, ಹೆಚ್ಚುವರಿ ಪಡೆಯನ್ನು ತಡೆಯುವುದೇ ಉದ್ದೇಶ ಎಂದೂ ಸೇರಿಸಿ. ಎಡವಿದ್ದು ಅಲ್ಲೇ. ಆ ಷರತ್ತುಗಳಿದ್ದ ಯುದ್ಧದ ಹಣದ ಮಸೂದೆ ಬರುವ ಮೊದಲೇ ವಿರೋಧಿಗಳು ಅದಕ್ಕೆ ಕೆಟ್ಟ ಹೆಸರು ಕಟ್ಟಿದರು, ಸ್ವಂತ ಪಕ್ಷದವರೇ ಗಾಬರಿಯಾದರು, ಷರತ್ತನ್ನು ದೇಶದ ಅಧ್ಯಕ್ಷರು ಬೇಕಾದಾಗ ಸಡಿಲಿಸಬಹುದು ಎಂಬ ಸಾಲು ಸೇರಿಕೊಂಡು ಅದರ ಹಲ್ಲು ಉದುರಿತು. ಜತೆಗೆ ವಾಪಸಾತಿಗೆ ಗಡುವೂ ಸೇರಿತು. ಮಾರ್ಚ್ 23ರಂದು ಮಸೂದೆ 218–212ರಲ್ಲಿ ಕೆಳಮನೆ ದಾಟಿತು. ಮೇ 1ರಂದು ಬುಷ್ ವೀಟೊ ಹಾಕಿದರು. ಅದನ್ನು ಮುರಿಯಲು ಸಿಕ್ಕಿದ್ದು 222–203 ಅಷ್ಟೇ. ಮೇ ಕೊನೆಗೆ ಗಡುವಿಲ್ಲದೆ ಹಣ ಹೋಯಿತು.

ಸೋತರು, ನಿಜ. ಆದರೆ ನೇರ ದಾರಿ ಗೆಲ್ಲುತ್ತಿತ್ತು ಎನ್ನುವವರಿಗೆ ಅದೇ ವರ್ಷದ ಸೆನೆಟ್ ತೋರಿಸುತ್ತೇನೆ. ಮೇ ತಿಂಗಳಲ್ಲಿ ಹಣ ನಿಲ್ಲಿಸುವ ಪ್ರಸ್ತಾಪಕ್ಕೆ ಸಿಕ್ಕಿದ್ದು 29 ಮತ. ಸೆಪ್ಟೆಂಬರ್‌ನಲ್ಲಿ ಸೈನಿಕರಿಗೆ ಯುದ್ಧದಲ್ಲಿ ಕಳೆದಷ್ಟೇ ಸಮಯ ಮನೆಯಲ್ಲೂ ಕೊಡಿ ಎಂಬ ಸೆನೆಟರ್ ಜಿಮ್ ವೆಬ್ ತಿದ್ದುಪಡಿಗೆ 56. ಸೆನೆಟ್‌ನಲ್ಲಿ ಪಾಸಾಗಲು ಬೇಕಿದ್ದದ್ದು 60. ಇದನ್ನು ನೋಡಿದ ಮೇಲೂ ‘ಒಂದೇ ಮತದಲ್ಲಿ ಮುಗಿಸಬೇಕಿತ್ತು’ ಎನ್ನುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಅವರು ಕಾಯುತ್ತಾ ಕೂರಬಹುದು, ಮೂರನೇ ಸಲ ಇರಾಕಿಗೆ ಹೊರಟ ಹುಡುಗನಿಗೆ ಕಾಯಲು ಆಗುತ್ತಿರಲಿಲ್ಲ.

ಪ್ರಶ್ನೆ: ವಿಯೆಟ್ನಾಂನಲ್ಲಿ ಕಾಂಗ್ರೆಸ್ ಹಣ ನಿಲ್ಲಿಸಿದ್ದರಿಂದ ಅಮೆರಿಕದ ಸೈನಿಕರು ಗುಂಡಿಲ್ಲದೆ ಸತ್ತರಂತೆ?

ಶುದ್ಧ ಸುಳ್ಳು. ಅಮೆರಿಕದ ಯುದ್ಧಪಡೆಗಳು 1973ರ ಮಾರ್ಚ್ 29ಕ್ಕೆ ಹೊರಟಾಗಿತ್ತು. ಕಾರ್ಯಾಚರಣೆಗೆ ಕಾಂಗ್ರೆಸ್ ಹಣ ಕಡಿದದ್ದು ಆಗಸ್ಟ್ 15ರಿಂದ. ಯೂಟ್ಯೂಬ್‌ನಲ್ಲಿ ರಕ್ಷಣಾ ತಜ್ಞ ಅಂತ ಬೋರ್ಡು ಹಾಕಿಕೊಂಡು ಇದನ್ನು ಮಾರುವವರು ಎರಡು ತಾರೀಕು ನೋಡಿದ್ದರೆ ಸಾಕಿತ್ತು. ಮರ್ಥಾ ಬೆಂಬಲಿಸಿದ 2007ರ ಮಸೂದೆಯಲ್ಲಂತೂ ಬುಷ್ ಕೇಳಿದ್ದಕ್ಕಿಂತ ಜಾಸ್ತಿ ಹಣ ಇತ್ತು.

ಪ್ರಶ್ನೆ: ತನ್ನ ಕ್ಷೇತ್ರಕ್ಕೆ ರಕ್ಷಣಾ ಹಣ ಹರಿಸಿದ ಮನುಷ್ಯನಲ್ಲವೇ?

ಹೌದು, ಆ ಟೀಕೆ ನ್ಯಾಯವಾದದ್ದೇ. ಬಜೆಟ್ಟಿನ ಯಾವ ಸಾಲು ಹಿಡಿದರೆ ಏನು ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿದ್ದದ್ದೂ ಆ ಅನುಭವದಿಂದಲೇ.

ಪ್ರಶ್ನೆ: ಕೊನೆಗೆ ಯುದ್ಧ ನಿಲ್ಲಿಸಿದ್ದು ಒಬಾಮ ತಾನೇ?

ಸೇನೆ ಹೊರಬಂದದ್ದು ಅವರ ಕಾಲದಲ್ಲಿ, 2011ರ ಡಿಸೆಂಬರ್‌ನಲ್ಲಿ. ಆ ವರ್ಷದ ಕೊನೆಯ ಗಡುವಿಗೆ ಇರಾಕ್ ಜತೆ ಒಪ್ಪಂದ ಮಾಡಿಕೊಂಡದ್ದು 2008ರಲ್ಲಿ ಬುಷ್ ಸರ್ಕಾರ.

ಪ್ರಶ್ನೆ: ನಮ್ಮ ಸಂಸದರೂ ಹೀಗೆ ಮಾಡಬಹುದಾ?

ಆಳುವ ಪಕ್ಷದವರು ವಿಪ್ ಮೀರಿ ಅನುದಾನದ ವಿರುದ್ಧ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸೀಟೇ ಹೋಗಬಹುದು, ಅನುದಾನದ ಬೇಡಿಕೆ ಸೋತರೆ ಸರ್ಕಾರವೂ ಉಳಿಯುವುದಿಲ್ಲ. ಹೋಲಿಕೆ ಬೇಡ.