ಎಷ್ಟೋ ಅಷ್ಟು

(ಮಂಜೇಶ್ವರ ಕಡೆಯ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಬೇಡವೆಂದಿದ್ದಾರೆ: "ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ. ಕೂಡಿಸುವುದು ಕಳೆಯುವುದರಲ್ಲಿ ನನಗಿಂತ ಚುರುಕು. ಲೆಕ್ಕದಲ್ಲಿ ಎಕ್ಸ್ ಬಂದ ಮೇಲೆ ಪುಸ್ತಕ ತೆರೆದರೆ ಕಣ್ಣಲ್ಲಿ ನೀರು. 4ಎಕ್ಸ್ + 3 ಅಂದರೆ 7ಎಕ್ಸ್ ಅಂತ ಬರೆಯುತ್ತಾಳೆ. ಯಾಕೆ ತಪ್ಪು ಅಂತ ಹೇಳಲು ನನಗೆ ಗೊತ್ತಿಲ್ಲ. ನಾನು ಏಳರವರೆಗೆ ಓದಿದವಳು, ಮನೆಯಲ್ಲಿ ಮಲ್ಲಿಗೆ ಕಟ್ಟುತ್ತೇನೆ. ಟ್ಯೂಷನ್‌ಗೆ ಹಾಕಲೇ? ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲೇ?")

ಸಹೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಮಾಧ್ಯಮ ಬದಲಿಸಬೇಡಿ. ಅಲ್ಲಿಯೂ ಎಕ್ಸ್ ಎಕ್ಸೇ. ಇಲ್ಲಿ ಒಂದು ಕಷ್ಟಕ್ಕೆ ಅಳುವವಳಿಗೆ ಅಲ್ಲಿ ಎರಡಾಗುತ್ತದೆ.

ನೀವು ಮಲ್ಲಿಗೆ ಕಟ್ಟುವವರು ಎಂದು ಓದಿದಾಗ ನನಗೆ ಸಮಾಧಾನವಾಯಿತು. ಮಗಳಿಗೆ ಬೇಕಾದ ಪಾಠ ನಿಮ್ಮ ಜಗಲಿಯಲ್ಲೇ ಇದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಇವತ್ತು ಎಷ್ಟು ಅಟ್ಟೆ ಆಗುತ್ತದೆಂದು ಕೊಯ್ದು ಕಟ್ಟುವವರೆಗೆ ನಿಮಗೂ ತಿಳಿಯದು. ಆ ತಿಳಿಯದ ಸಂಖ್ಯೆಗೆ 'ಎ' ಎಂದು ಹೆಸರಿಡಿ. ಅಟ್ಟೆಗಳ ಮೇಲೆ 3 ಚೆಂಡು ಉಳಿಯಿತು ಎನ್ನಿ. ಒಟ್ಟು ಚೆಂಡು 4ಎ + 3, ಅಂದರೆ ಎ ಸಂಖ್ಯೆಯ ನಾಲ್ಕು ಪಟ್ಟಿಗೆ 3 ಸೇರಿದ್ದು. ಅಕ್ಷರವೂ ಸಂಖ್ಯೆಯೂ ಸೇರಿದ ಇಂಥದ್ದೇ ಬೀಜೋಕ್ತಿ. ಎರಡು ಅಟ್ಟೆಯಾದರೆ 11 ಚೆಂಡು, ಐದಾದರೆ 23. ಮಗಳು ಬರೆದಂತೆ 7ಎ ಆಗಿದ್ದರೆ 14 ಮತ್ತು 35 ಆಗಬೇಕಿತ್ತು. ಹೂವಿನವರು ಅಷ್ಟಕ್ಕೆ ದುಡ್ಡು ಕೊಡುತ್ತಾರೆಯೇ ಎಂದು ಕೇಳಿ, ಅವಳೇ ನಗುತ್ತಾಳೆ. ಒಂದು ಎಚ್ಚರ: ಪರೀಕ್ಷಿಸುವಾಗ ಎ ಜಾಗಕ್ಕೆ 1 ಹಾಕಬೇಡಿ. ಆಗ ಮಾತ್ರ ಎರಡಕ್ಕೂ 7 ಬಂದು, ತಪ್ಪೇ ಸರಿಯಂತೆ ಕಾಣುತ್ತದೆ.

ಇನ್ನೂ ಒಂದು ಕಡೆ ಮಕ್ಕಳು ಎಡವುತ್ತಾರೆ. ಅಟ್ಟೆಗಳ ಸಂಖ್ಯೆ ಅ, ಚೆಂಡುಗಳ ಸಂಖ್ಯೆ ಚ, ಇವೆರಡರ ಸಂಬಂಧ ಬರೆ ಎಂದರೆ, 'ಒಂದು ಅಟ್ಟೆಗೆ ನಾಲ್ಕು ಚೆಂಡು' ಎಂಬ ಮಾತನ್ನೇ ಹಿಡಿದು ಅ = 4ಚ ಎಂದು ಬರೆಯುತ್ತಾರೆ. ದೊಡ್ಡವರೂ ಬರೆಯುತ್ತಾರೆ. ಎರಡು ಅಟ್ಟೆ ಇಟ್ಟು ನೋಡಿ: ಅ 2, ಚ 8. ಹಾಗಾಗಿ ಚ = 4ಅ. ಅಕ್ಷರ ಇಲ್ಲಿ ಹೂವಿನ ಹೆಸರಲ್ಲ, ಸಂಖ್ಯೆಯ ಹೆಸರು. ಇದೊಂದು ಮನಸ್ಸಿಗೆ ಇಳಿದರೆ ಅರ್ಧ ಭಯ ಹೋಯಿತು.

ಎಕ್ಸ್ ಬಿಟ್ಟು 'ಎ' ಹಿಡಿದದ್ದಕ್ಕೆ ಕಾರಣವಿದೆ. ಎಕ್ಸ್ ಬಳಕೆಗೆ ದಾರಿ ಹಾಕಿದವರು ಫ್ರಾನ್ಸಿನ ಗಣಿತಜ್ಞ ದೆಕಾರ್ತ್, 1637ರಲ್ಲಿ. ಅದಕ್ಕೆ ಸುಮಾರು ಐನೂರು ವರ್ಷ ಮೊದಲೇ ನಮ್ಮ ಭಾಸ್ಕರಾಚಾರ್ಯರು ತಿಳಿಯದ ರಾಶಿಯನ್ನು 'ಯಾವತ್ ತಾವತ್' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆದರು. ಒಂದಕ್ಕಿಂತ ಹೆಚ್ಚು ಬೇಕಾದಾಗ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಯಾವತ್ ತಾವತ್ ಅಂದರೆ ಎಷ್ಟೋ ಅಷ್ಟು. ನಮ್ಮೂರಲ್ಲಿ ಕನ್ನಡದಲ್ಲಿ ಎಷ್ಟು, ತುಳುವಿನಲ್ಲಿ ಏತ್, ಮಲಯಾಳದಲ್ಲಿ ಎತ್ರ. ಮೂರು ಭಾಷೆಯ ಮಗುವಿಗೂ 'ಎ' ಎಂದರೆ ಕೇಳುವ ಪ್ರಶ್ನೆಯೇ ನೆನಪಾಗುತ್ತದೆ. ಮನೆಯಲ್ಲಿ ಹೀಗೆ ಕಲಿಯಲಿ, ಪರೀಕ್ಷೆಯಲ್ಲಿ ಎಕ್ಸ್ ಬರೆಯಲಿ.

ಈಗ ಸಮೀಕರಣ. 8 + 4 = ☐ + 5 ಎಂದು ಬರೆದು ಖಾಲಿ ಜಾಗ ತುಂಬಲು ಹೇಳಿ. ಬರಬೇಕಾದ್ದು 7. ಅವಳು 12 ಎಂದು ಬರೆದರೆ ತೊಂದರೆಯ ಬೇರು ಅಕ್ಷರದಲ್ಲಿಲ್ಲ, ಸಮ ಚಿಹ್ನೆಯಲ್ಲಿದೆ. ಒಂದನೇ ತರಗತಿಯಿಂದ ಅವಳಿಗೆ ಆ ಚಿಹ್ನೆ 'ಉತ್ತರ ಬರೆ' ಎಂಬ ಅಪ್ಪಣೆಯಾಗಿಬಿಟ್ಟಿದೆ. 1557ರಲ್ಲಿ ಅದನ್ನು ಮೊದಲು ಅಚ್ಚು ಮಾಡಿಸಿದ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಸಮಾನವಾದದ್ದು ಇನ್ನಿಲ್ಲ ಎಂದೇ ಅದನ್ನು ಆರಿಸಿಕೊಂಡದ್ದು. ಎಡಕ್ಕೂ ಬಲಕ್ಕೂ ಒಂದೇ ತೂಕ, ಅಷ್ಟೇ ಅದರ ಅರ್ಥ.

ಹಳೆಯ ತಕ್ಕಡಿ ಅಟ್ಟದಲ್ಲಿದ್ದರೆ ಇಳಿಸಿ, ಇಲ್ಲದಿದ್ದರೆ ಚಿತ್ರ ಬರೆಯಿರಿ. ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ಅಡಿಕೆ ಚೀಲ, ಜೊತೆಗೆ 2 ಕಿಲೋ ಕಲ್ಲು. ಇನ್ನೊಂದರಲ್ಲಿ 14 ಕಿಲೋ. 3ಎ + 2 = 14. ಎರಡೂ ಕಡೆಯಿಂದ 2 ಕಿಲೋ ತೆಗೆದರೆ ತಕ್ಕಡಿ ಅಲುಗುವುದಿಲ್ಲ: 3ಎ = 12. ಎರಡೂ ಕಡೆ ಮೂರು ಪಾಲು ಮಾಡಿ ಒಂದೊಂದು ಪಾಲು ಉಳಿಸಿ: ಎ = 4. ಕೊನೆಗೆ 4ನ್ನು ಮೊದಲಿನ ಸಾಲಿಗೆ ಹಾಕಿ ನೋಡಲಿ, 12 + 2 = 14. ಉತ್ತರ ಸರಿಯೇ ಎಂದು ಯಾರನ್ನೂ ಕೇಳಬೇಕಿಲ್ಲ ಎಂಬ ಧೈರ್ಯ ಅವಳಿಗೆ ಇಲ್ಲಿಂದಲೇ ಬರುವುದು.

'ಆಚೆಗೆ ಹೋದರೆ ಚಿಹ್ನೆ ಬದಲು' ಎಂಬ ಪಕ್ಷಾಂತರದ ಮಂತ್ರ ಮಾತ್ರ ಈಗಲೇ ಬೇಡ. ಪತ್ರಿಕೆಗೆ ಬರುವ ಮೊದಲು ನಾನು ಗಣಿತ ಕಲಿಸುತ್ತಿದ್ದೆ, ಆ ಮಂತ್ರವನ್ನೇ ಮೊದಲ ದಿನ ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗ 3ಎ = 12 ಎಂಬಲ್ಲಿಂದ ಎ = 12 − 3 = 9 ಎಂದು ಬರೆದ. ಆಚೆಗೆ ಹೋಯಿತು, ಚಿಹ್ನೆ ಬದಲಾಯಿತು, ಸರ್ ಹೇಳಿದ ಹಾಗೆಯೇ ಮಾಡಿದೆ ಎಂದ. ಅವನ ಮಾತು ನಿಜ. ಆ ತಪ್ಪು ನನ್ನದೆಂದು ಇವತ್ತಿಗೂ ನೋವಿದೆ. ತಕ್ಕಡಿಯಲ್ಲಿ ಐವತ್ತು ಲೆಕ್ಕ ಮಾಡಿದವರಿಗೆ ಆ ಅಡ್ಡದಾರಿ ತಾನಾಗಿ ಹೊಳೆಯುತ್ತದೆ.

ತಕ್ಕಡಿಗೂ ಮಿತಿಯಿದೆ. 2ಎ + 9 = 5 ಬಂದಾಗ ಉತ್ತರ −2, ಅಂಥ ಚೀಲವಿಲ್ಲ. ಆಗ ಅಂಗಡಿಯ ಸಾಲದ ಪುಸ್ತಕ ತೆರೆಯಿರಿ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತರು ಸೊನ್ನೆಗಿಂತ ಮೇಲಿನ, ಕೆಳಗಿನ ಸಂಖ್ಯೆಗಳನ್ನು ಧನ, ಋಣ ಎಂದೇ ಕರೆದು ನಿಯಮ ಬರೆದರು. ಧನಾತ್ಮಕ, ಋಣಾತ್ಮಕ ಎಂದು ನಮ್ಮ ಪಠ್ಯದಲ್ಲಿರುವುದು ಅದೇ ಮಾತು.

ಟ್ಯೂಷನ್ ಬಗ್ಗೆ: ಒಂದು ತಿಂಗಳು ತಡೆಯಿರಿ. ರಾತ್ರಿ ಬಾಳೆನಾರು ಹಿಡಿದು ಕೂತಾಗ ದಿನಕ್ಕೆ ಎರಡೇ ಲೆಕ್ಕ, ಒಂದು ನೀವು ಕೇಳಿ, ಒಂದು ಅವಳೇ ಕಟ್ಟಲಿ. ಲೆಕ್ಕ ಕಟ್ಟುವುದು ಬಿಡಿಸುವುದಕ್ಕಿಂತ ಕಷ್ಟ, ಹಾಗಾಗಿ ಅವಸರ ಮಾಡಬೇಡಿ. ಅವಳು ಕಟ್ಟಿದ್ದರಲ್ಲಿ ಒಂದನ್ನು ಅವಳ ಕೈಬರಹದಲ್ಲೇ ನಮಗೆ ಕಳುಹಿಸಿ. ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.