ಮೊಣಕಾಲು ನಿಮ್ಮದು, ಗಡಿಯಾರವೂ ನಿಮ್ಮದೇ ಆಗಲಿ

ಓದುಗರ ಪತ್ರ: ನನಗೀಗ 67. ಶಿರಸಿ ಸೀಮೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಊರವರಿಗೆ ಇವತ್ತಿಗೂ ‘ಅಕ್ಕೋರು’. ಯಜಮಾನರು ಹೋಗಿ ಮೂರು ವರ್ಷವಾಯಿತು. ಹೋದ ವರ್ಷ ಗ್ರೂಪ್ ಟೂರಿನಲ್ಲಿ ಯುರೋಪಿಗೆ ಹೋಗಿಬಂದೆ, ನೆನಪಿರುವುದು ಬಸ್ಸಿನ ಕಿಟಕಿ ಮಾತ್ರ. ಈ ಸಲ ಜಪಾನಿಗೆ ಒಬ್ಬಳೇ ಹೋಗುವ ಆಸೆ. ಬಿಪಿ ಇದೆ, ಬಲ ಮೊಣಕಾಲು ನೋವು, ಮೀನು-ಮೊಟ್ಟೆ ಮುಟ್ಟುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ ಆಯಿ’ ಅಂತಾನೆ ಮಗ. ಹೋಗಲೋ ಬೇಡವೋ? ಸೀರೆ ಉಟ್ಟೇ ಹೋಗಬಹುದೇ, ಅದನ್ನೂ ಹೇಳಿ. (ಹೆಸರು ಬೇಡ)

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ. ಊರವರಂತೆ ನಾನೂ ಹಾಗೇ ಕರೆಯುತ್ತೇನೆ, ಬೇಸರವಿಲ್ಲ ತಾನೆ?

ಹೋಗಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಸ್ಸಿನ ಕಿಟಕಿಯ ಮಾತು. ಮೊಣಕಾಲು ನೋಯುವವರಿಗೆ ಗ್ರೂಪ್ ಟೂರೇ ಸುರಕ್ಷಿತ, ಒಂಟಿಯಾಗಿ ಹೋಗುವುದು ಗಟ್ಟಿ ಕಾಲಿನ ಹುಡುಗರ ಕೆಲಸ ಎಂದು ಎಲ್ಲರೂ ನಂಬಿದ್ದಾರೆ. ನನಗೆ ಅದು ಪೂರ್ತಿ ತಲೆಕೆಳಗು ಅನ್ನಿಸುತ್ತದೆ. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸು ಬಾಗಿಲಾಚೆ ಇಡಬೇಕು, ಇಪ್ಪತ್ತು ನಿಮಿಷದಲ್ಲಿ ಅರಮನೆ ನೋಡಿ ಮುಗಿಸಬೇಕು, ಶೌಚಾಲಯದ ಸಾಲಿನಲ್ಲಿ ನಲವತ್ತು ಜನರ ಹಿಂದೆ ನಿಂತು ಗೈಡಿನ ಕೊಡೆ ಎತ್ತ ಹೋಯಿತೆಂದು ಕಣ್ಣಿಟ್ಟಿರಬೇಕು. ಇದು ಇಪ್ಪತ್ತೈದರವರಿಗೆ ಹೇಳಿ ಮಾಡಿಸಿದ ಪ್ರವಾಸ. ಒಬ್ಬರೇ ಹೋದರೆ ಕಾಲು ನೊಂದಾಗ ಕುಳಿತುಬಿಡಬಹುದು. ನಿಮಗಾಗಿ ಬಸ್ಸೇನೂ ಕಾಯುತ್ತಿರುವುದಿಲ್ಲ.

ನಾನು ಹೋದದ್ದು 63ರ ವಯಸ್ಸಿನಲ್ಲಿ, ಒಬ್ಬನೇ, ಜಪಾನಿನ ಕ್ಯೋಟೊ ನಗರಕ್ಕೆ. ಮೂರನೇ ದಿನ ಮಧ್ಯಾಹ್ನ ಕಾಮೊ ಹೊಳೆಯ ದಂಡೆಯಲ್ಲಿ ಎರಡು ಗಂಟೆ ಸುಮ್ಮನೆ ಕುಳಿತಿದ್ದೆ. ಹೊಳೆಗೆ ಅಡ್ಡಲಾಗಿ ಆಮೆಯಾಕಾರದ ಕಲ್ಲುಗಳ ಸಾಲಿದೆ. ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಕಲ್ಲಿನಿಂದ ಕಲ್ಲಿಗೆ ದಾಟುತ್ತಿದ್ದಳು. ಅವನಿಗಿಂತ ಅವಳದೇ ಅವಸರ. ಯಾವ ಟೂರಿನ ಪಟ್ಟಿಯಲ್ಲೂ ಈ ಎರಡು ಗಂಟೆ ಇಲ್ಲ.

ನೀವು ಆರಿಸಿದ ದೇಶವೂ ಸರಿಯಾಗಿದೆ. ಅಲ್ಲಿ ನೂರಕ್ಕೆ ಸುಮಾರು 29 ಮಂದಿ 65 ದಾಟಿದವರು. ಹಾಗಾಗಿ ದೊಡ್ಡ ನಿಲ್ದಾಣಗಳಲ್ಲಿ ಲಿಫ್ಟು, ಮೆಟ್ಟಿಲಿಗೆ ಕೈಹಿಡಿ, ರೈಲಿನಲ್ಲಿ ವಯಸ್ಸಾದವರ ಸೀಟು ಇದ್ದೇ ಇರುತ್ತವೆ. ಲಿಫ್ಟು ಮಾತ್ರ ಹಲವು ಕಡೆ ಪ್ಲಾಟ್‌ಫಾರ್ಮಿನ ಯಾವುದೋ ಒಂದು ತುದಿಗಿರುತ್ತದೆ. ಇಳಿದ ಕೂಡಲೇ ಜನರ ಹಿಂದೆ ಮೆಟ್ಟಿಲ ಕಡೆ ಹೊರಡಬೇಡಿ, ನಿಂತು ಫಲಕ ಹುಡುಕಿ. ಶೌಚಾಲಯದ ಚಿಂತೆಯನ್ನಂತೂ ಬಿಟ್ಟೇಬಿಡಿ. ನೀರು ಚಿಮ್ಮುವ ಕಮೋಡು ಅಲ್ಲಿ ಮನೆಮಾತು. ಯುರೋಪಿನಲ್ಲಿ ಕಾಗದ ಹಿಡಿದು ಒದ್ದಾಡಿದ ನಮ್ಮವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ಪ್ರವಾಸ ಕಥನ ಬರೆಯುವವರು ಬರೆಯುವುದಿಲ್ಲ.

ಹತ್ತು ದಿನಕ್ಕೆ ಹೆಚ್ಚೆಂದರೆ ಮೂರು ಕಡೆ ಮಲಗಿ. ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿಟಾಕ್ಕೆ ನೇರ ವಿಮಾನವಿದೆ. ಟೋಕಿಯೊದಲ್ಲಿ ಎರಡು ರಾತ್ರಿ ಸುಧಾರಿಸಿಕೊಳ್ಳಿ. ಆಮೇಲೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತಿದರೆ ಎರಡೂಕಾಲು ಗಂಟೆಗೆ ಕ್ಯೋಟೊ. ಅಲ್ಲಿ ಆರು ರಾತ್ರಿ ಒಂದೇ ಹೋಟೆಲು, ನಿಲ್ದಾಣಕ್ಕೆ ಹತ್ತಿರದ್ದು. ನಾರಾ ಎಂಬ ಊರು ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿಯ ತೋದಾಯ್‌ಜಿ ದೇವಾಲಯದ ದೊಡ್ಡ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು.

ಏಜೆಂಟರು ಏಳು ದಿನದ ರೈಲು ಪಾಸು ಕೊಳ್ಳಿ ಎನ್ನುತ್ತಾರೆ. 2023ರ ಅಕ್ಟೋಬರಿನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಒಂದು ಕಡೆಯ ಟಿಕೆಟ್ಟು ಸುಮಾರು 14,000. ನೀವು ಗಣಿತದವರು, ಉಳಿದದ್ದು ನಿಮಗೇ ಬಿಟ್ಟೆ.

ಸೂಟ್‌ಕೇಸನ್ನು ನೀವು ಎಳೆಯಲೇ ಬೇಡಿ. ಟೋಕಿಯೊದ ಹೋಟೆಲಿನ ಕೌಂಟರಿನಲ್ಲಿ ‘ತಕ್ಯುಬಿನ್’ ಅಂದರೆ ಸಾಕು, ಚೀಟಿ ತುಂಬಿಸಿಕೊಂಡು ಮರುದಿನ ಕ್ಯೋಟೊದ ಹೋಟೆಲಿಗೆ ಮುಟ್ಟಿಸುತ್ತಾರೆ. ಆ ಸೇವೆಯ ಒಂದು ಕಂಪನಿಯ ಗುರುತು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಕರಿಬೆಕ್ಕು. ಎರಡು-ಮೂರು ಸಾವಿರ ಯೆನ್ ಹೋದೀತು, ಮೊಣಕಾಲಿಗೆ ಅಷ್ಟಾದರೂ ಕೊಡಬೇಡವೇ. ಒಂದು ರಾತ್ರಿಯ ಬಟ್ಟೆ ಮತ್ತು ಮಾತ್ರೆ ಕೈಚೀಲದಲ್ಲಿರಲಿ.

ಈಗ ಊಟ. ಇಲ್ಲಿ ನಾನು ಮೋಸಹೋದೆ. ಬೀದಿ ಬದಿಯ ಅಂಗಡಿಯಲ್ಲಿ ‘ಮಾಂಸ ಇಲ್ಲ ತಾನೆ’ ಎಂದು ಮೂರು ಸಲ ಕೇಳಿ, ಅವರು ಮೂರು ಸಲ ತಲೆಯಾಡಿಸಿದ ಮೇಲೆ ಒಂದು ಬಟ್ಟಲು ಉದೊನ್, ಅಂದರೆ ಸಾರಿನಲ್ಲಿ ಮುಳುಗಿಸಿದ ದಪ್ಪ ಗೋಧಿ ಶಾವಿಗೆ, ಉಂಡೆ. ಅರ್ಧ ಮುಗಿದ ಮೇಲೆ ಗೊತ್ತಾಯಿತು, ಆ ಸಾರಿನ ಬುಡವೇ ಒಣಮೀನು. ಅವರು ಸುಳ್ಳು ಹೇಳಿರಲಿಲ್ಲ. ಸಾರಿನ ‘ದಾಶಿ’ಯನ್ನು ಮೀನು ಎಂದು ಅಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ’ ಎಂದು ಜಪಾನಿ ಭಾಷೆಯಲ್ಲಿ ಬರೆಸಿ, ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆಸಿ ಪರ್ಸಿನಲ್ಲಿಡಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಹಸಿ ಹಣ್ಣು-ತರಕಾರಿ ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಹೊಟ್ಟೆತುಂಬ ಉಣ್ಣಬೇಕೆಂದರೆ ಒಂದು ರಾತ್ರಿ ಕೋಯಾಸನ್ ಬೆಟ್ಟದ ದೇವಾಲಯದಲ್ಲಿ ತಂಗಿ. ಒಂಬತ್ತನೇ ಶತಮಾನದಲ್ಲಿ ಕೂಕಾಯ್ ಎಂಬ ಗುರು ಕಟ್ಟಿದ ಕ್ಷೇತ್ರ. ಒಸಾಕಾ ನಗರದ ನಾಂಬಾ ನಿಲ್ದಾಣದಿಂದ ರೈಲು, ಕೊನೆಗೆ ಐದು ನಿಮಿಷ ಕೇಬಲ್ ಕಾರು. ಅಲ್ಲಿಯ ಅಡುಗೆಗೆ ಮೀನು ತಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಿಮ್ಮ ಸೀಮೆಯ ಮಡಿ ಅಡುಗೆಯ ಹಾಗೆ. ಸಾರು ಕಡಲಪಾಚಿ ಮತ್ತು ಅಣಬೆಯದು. ಎಳ್ಳಿನ ತೋಫು ಬಾಯಿಗಿಟ್ಟರೆ ಕರಗುತ್ತದೆ. ಆದರೆ ಊಟ, ನಿದ್ದೆ ಎಲ್ಲ ಚಾಪೆಯ ಮೇಲೆ. ನಿಮ್ಮ ಮೊಣಕಾಲಿಗೆ ಅದಾಗದು. ಬುಕ್ ಮಾಡುವಾಗಲೇ ಕುರ್ಚಿ, ಮಂಚ ಇದೆಯೇ ಎಂದು ಕೇಳಿ. ಕೆಲವು ಕಡೆ ಇವೆ.

ಅಲ್ಲಿಯ ಒಕುನೊಯಿನ್ ಸ್ಮಶಾನದ ದಾರಿ ಎರಡು ಕಿಲೋಮೀಟರು, ಎರಡೂ ಕಡೆ ದೇವದಾರಿನಂಥ ದೈತ್ಯ ಮರಗಳು, ಪಾಚಿಗಟ್ಟಿದ ಗೋರಿಗಳು. ಅನೇಕ ಗೋರಿಗಳಲ್ಲಿ ಐದು ಕಲ್ಲು ಒಂದರ ಮೇಲೊಂದು: ಚೌಕ, ಗುಂಡು, ತ್ರಿಕೋನ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಒಂದೊಂದರ ಮೇಲೂ ಒಂದೊಂದು ಅಕ್ಷರ. ನಾನು ಜಪಾನಿ ಬರಹವೆಂದು ದಾಟಿಹೋಗುತ್ತಿದ್ದೆ. ಅದು ಸಿದ್ಧಂ ಲಿಪಿ, ನಮ್ಮಿಂದಲೇ ಹೋದದ್ದು. ಕೆಳಗಿನಿಂದ ಮೇಲಕ್ಕೆ ಅ, ವ, ರ, ಹ, ಖ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ನಿಮ್ಮ ಯಜಮಾನರ ಮಾತು ಬರೆದಿದ್ದಿರಲ್ಲ, ಅದಕ್ಕೇ ಇದನ್ನು ಇಷ್ಟು ಹೇಳಿದೆ. ಆ ದಾರಿಯಲ್ಲಿ ಒಬ್ಬರೇ ನಡೆದರೆ ಒಂಟಿ ಅನ್ನಿಸುವುದಿಲ್ಲ.

ಮಗನ ವಿಷಯ. ಅವನಲ್ಲಿ ಅಪ್ಪಣೆ ಕೇಳಬೇಡಿ, ಅವನ ಹೆದರಿಕೆಗೊಂದು ಕಾಗದ ಕೊಡಿ. ಯಾವ ರಾತ್ರಿ ಎಲ್ಲಿ, ಹೋಟೆಲಿನ ಫೋನು, ವಿಮೆಯ ಪಾಲಿಸಿ ನಂಬರು, ಪಾಸ್‌ಪೋರ್ಟ್ ಪ್ರತಿ. ಅಲ್ಲಿ ಕಾಯಿಲೆಯಾದರೆ ಆಂಬುಲೆನ್ಸ್ 119, ಅದನ್ನೂ ಬರೆಯಿರಿ. ದಿನಕ್ಕೊಂದು ಕರೆ ಸಾಕು. ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಸಂಜೆ ಐದೂವರೆ.

ವಿಮೆ ಕೊಳ್ಳುವಾಗ ಬಿಪಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಪತ್ತಿನ ಹೊತ್ತಿಗೆ ಕ್ಲೇಮೇ ಬಿದ್ದುಹೋಗಬಹುದು. ಮೊದಲೇ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ ಎಂಬ ಸಾಲನ್ನು ಓದಿಯೇ ಸಹಿ ಮಾಡಿ. ಮಾತ್ರೆಗಳು ಒಂದು ತಿಂಗಳಿಗೆ ಮೀರದಿರಲಿ, ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಹೆಸರಿರಲಿ. ನೆಗಡಿ ಮಾತ್ರೆಯ ವಿಷಯದಲ್ಲಿ ಹುಷಾರು: ಸ್ಯೂಡೋಎಫೆಡ್ರಿನ್ ಹೆಚ್ಚಿರುವ ಮಾತ್ರೆಗಳಿಗೆ ಜಪಾನಿನಲ್ಲಿ ನಿಷೇಧ.

ವೀಸಾಕ್ಕೆ ಏಜೆಂಟರೇ ಬೇಕೆಂದಿಲ್ಲ. ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ದಿನವಾರು ಪ್ರಯಾಣದ ಪಟ್ಟಿ ಹಿಡಿದು ನೀವೇ ಅರ್ಜಿ ಹಾಕಬಹುದು. ಬ್ಯಾಂಕಿನ ಕಾರ್ಡಿನಲ್ಲಿ ವಿದೇಶದ ಬಳಕೆಯನ್ನು ನಾವೇ ತೆರೆಸಿಕೊಳ್ಳಬೇಕು, ಇಲ್ಲಿಂದಲೇ ಮಾಡಿಸಿ. ಓಟಿಪಿ ಬರಲು ನಮ್ಮ ಸಿಮ್ ಅಲ್ಲೂ ಜೀವಂತವಿರಬೇಕು, ರೋಮಿಂಗ್ ಹಾಕಿಸದೆ ವಿಮಾನ ಹತ್ತಬೇಡಿ.

ಇಳಿದ ಮೇಲೆ ಬೆರಳಚ್ಚು ತೆಗೆಯುತ್ತಾರೆ. ರೇಷನ್ ಅಂಗಡಿಯ ಯಂತ್ರ ನಮ್ಮ ಸವೆದ ಬೆರಳನ್ನು ಒಪ್ಪದೆ ಸತಾಯಿಸುವುದು ನಿಮಗೆ ಗೊತ್ತಿರುತ್ತದೆ. ಅಲ್ಲೂ ಅದೇ ಕಥೆ. ನನ್ನ ಹಿಂದಿನ ಸಾಲು ಬೆಳೆಯುತ್ತಿತ್ತು, ನನಗೆ ಬೆವರು. ಅಧಿಕಾರಿ ಹುಡುಗಿ ಒದ್ದೆ ಬಟ್ಟೆ ತೋರಿಸಿ, ಒರೆಸಿ ಒತ್ತಿ ಎಂದು ಸನ್ನೆ ಮಾಡಿದಳು. ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು. ಅಷ್ಟು ವರ್ಷ ಚಾಕ್ ಹಿಡಿದ ನಿಮ್ಮ ಬೆರಳಿಗೆ ಐದು ಸಲ ಬೇಕಾದೀತು, ಗಾಬರಿ ಬೇಡ.

ಹೊರಡುವ ಮೊದಲು ಒಂದು ಪರೀಕ್ಷೆ. ಭಾಷೆ ಬಾರದ ಒಂದು ಊರಿಗೆ, ಕೋಲ್ಕತ್ತವೋ ಅಹಮದಾಬಾದೋ, ನಾಲ್ಕು ದಿನ ಒಬ್ಬರೇ ಹೋಗಿಬನ್ನಿ. ಮೆಟ್ರೊ ಹತ್ತಿ, ದಾರಿ ತಪ್ಪಿಸಿಕೊಳ್ಳಿ, ಯಾವ ದಿನ ಕಾಲು ಮುನಿಯುತ್ತದೆ ನೋಡಿ. ಮೂರನೇ ದಿನ ಮುನಿದರೆ ಜಪಾನಿನಲ್ಲಿ ಪ್ರತಿ ಮೂರನೇ ದಿನ ವಿರಾಮವೆಂದು ಬರೆದುಕೊಳ್ಳಿ. ತಿಂಗಳು ನವೆಂಬರ್ ಆಗಲಿ. ಜೂನ್-ಜುಲೈ ಅಲ್ಲೂ ಮಳೆ, ಮಳೆ ನೋಡಲು ಶಿರಸಿಯವರು ಜಪಾನಿಗೆ ಹೋಗಬೇಕೇ.

ಕೊನೆಗೆ ಸೀರೆ. ಧಾರಾಳವಾಗಿ ಉಡಿ, ಎಸ್ಕಲೇಟರಿನಲ್ಲಿ ಮಾತ್ರ ಅಂಚು ಎತ್ತಿ ಹಿಡಿಯಿರಿ. ಸೀರೆಗಿಂತ ಯೋಚಿಸಬೇಕಾದ್ದು ಚಪ್ಪಲಿಯ ಬಗ್ಗೆ. ದೇವಾಲಯ, ಕೆಲವು ಊಟದ ಮನೆ, ತಂಗುವ ಕೋಣೆ ಎಲ್ಲ ಕಡೆ ಬಿಚ್ಚಬೇಕು, ಬಗ್ಗಿ ಲೇಸು ಕಟ್ಟುವ ಬೂಟು ಬೇಡವೇ ಬೇಡ. ಕಾಲುಚೀಲ ನಾಲ್ಕು ಜೊತೆ ಹೊಸದೇ ಕೊಳ್ಳಿ. ಕೋಯಾಸನ್ನಿನ ಹೊಳೆಯುವ ಮರದ ನೆಲದ ಮೇಲೆ, ಇಪ್ಪತ್ತು ಜನ ಭಕ್ತರ ನಡುವೆ, ತೂತಿನಿಂದ ಇಣುಕುವ ಹೆಬ್ಬೆರಳನ್ನು ಇನ್ನೊಂದು ಪಾದದಡಿ ಮುಚ್ಚಿಕೊಂಡು ಮುಕ್ಕಾಲು ಗಂಟೆ ನಿಂತವನು ನಾನು.

— ಸಂ.